ಪ್ರಾಜೆಕ್ಟ್ ಕೆಡುವುದು ಸಂದಿನಲ್ಲಿ

ಕೇಳುಗರಿಗೆ ನಮಸ್ಕಾರ.

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾಲ್ಕು ಜನ ಸೇರಿದರೆ ಮೊದಲ ವಾರದಲ್ಲೇ ಕೆಲಸ ಹಂಚಿಹೋಗುತ್ತದೆ. ಒಬ್ಬರಿಗೆ ಡ್ರಾಯಿಂಗ್, ಒಬ್ಬರಿಗೆ ವೈರಿಂಗ್, ಒಬ್ಬರಿಗೆ ಪ್ರೋಗ್ರಾಮ್, ಉಳಿದವರಿಗೆ ರಿಪೋರ್ಟ್. ನಾಲ್ಕೂ ಕೆಲಸ ಬೇರೆಬೇರೆಯಾಗಿ ಚೆನ್ನಾಗಿಯೇ ಸಾಗುತ್ತವೆ. ಡೆಮೊಗೆ ವಾರ ಇರುವಾಗ ಜೋಡಿಸಲು ಕೂತರೆ ಒಂದಕ್ಕೊಂದು ಕೂಡುವುದಿಲ್ಲ. ಎರಡು ಭಾಗ ಸೇರುವ ಸಂದು ಯಾರ ಪಾಲಿಗೂ ಬಂದಿರುವುದಿಲ್ಲವಲ್ಲ!

ಅಡಿಕೆ ವಿಂಗಡಿಸುವ ಪುಟ್ಟ ಯಂತ್ರ ಮಾಡುತ್ತಿದ್ದೀರಿ ಅಂದುಕೊಳ್ಳಿ. ಹೆಜ್ಜೆಹೆಜ್ಜೆಯಾಗಿ ತಿರುಗುವ ನೇಮಾ 17 ಸ್ಟೆಪ್ಪರ್ ಮೋಟರ್ ಒಂದು ಟಿ8 ಲೀಡ್ ಸ್ಕ್ರೂವನ್ನು, ಅಂದರೆ ಉದ್ದಕ್ಕೂ ಎಳೆಯಿರುವ ಸರಳನ್ನು ತಿರುಗಿಸುತ್ತದೆ, ಅದರ ಮೇಲಿನ ನಟ್ ಜೊತೆ ತಟ್ಟೆ ಸರಿಯುತ್ತದೆ. ಸ್ಕ್ರೂವಿನ ಮೇಲೆ ಎಳೆಯಿಂದ ಎಳೆಗೆ 2 ಮಿ.ಮೀ. ಅಂತರ. ಪ್ರೋಗ್ರಾಮ್ ಬರೆಯುವವರು ಅದನ್ನೇ ನೋಡಿ ಸುತ್ತಿಗೆ 2 ಎಂದು ಹಾಕುತ್ತಾರೆ. ಆದರೆ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಟಿ8ನಲ್ಲಿ ನಾಲ್ಕು ಎಳೆ ಒಟ್ಟಿಗೆ ಸುತ್ತಿಕೊಂಡಿರುತ್ತವೆ, ಒಂದು ಸುತ್ತಿಗೆ ನಟ್ ಸರಿಯುವುದು 8 ಮಿ.ಮೀ. ಮೋಟರಿಗೆ ಸುತ್ತಿಗೆ 200 ಹೆಜ್ಜೆ; ಮೋಟರ್ ನಡೆಸುವ ಡ್ರೈವರ್ ಬೋರ್ಡನ್ನು ಹದಿನಾರನೇ ಒಂದಕ್ಕೆ, ಅಂದರೆ ಪ್ರತಿ ಹೆಜ್ಜೆಯನ್ನು ಹದಿನಾರು ಭಾಗ ಮಾಡುವಂತೆ ಇಟ್ಟರೆ ಸುತ್ತಿಗೆ 3200 ಪಲ್ಸ್. ಅಂದರೆ ಮಿಲಿಮೀಟರಿಗೆ 400 ಪಲ್ಸ್ ಸಾಕು, ಪ್ರೋಗ್ರಾಮ್ 1600 ಕಳಿಸುತ್ತದೆ. 10 ಮಿ.ಮೀ. ಹೋಗು ಅಂದರೆ ತಟ್ಟೆ 40 ಹೋಗಿ ಫ್ರೇಮಿಗೆ ಗುದ್ದುತ್ತದೆ. ಆಮೇಲೆ ಎರಡು ದಿನ ಮೋಟರಿಗೆ ಬೈಗುಳ. ಒಂದೇ ಎಳೆಯ ಟಿ8 ಕೂಡ ಸಿಗುತ್ತದೆ, ಆದ್ದರಿಂದ ಅಂಗಡಿಯವರ ಮಾತು ನೆಚ್ಚಬೇಡಿ. ಸ್ಕ್ರೂವಿನ ತುದಿಯನ್ನು ನೇರಕ್ಕೆ ಹಿಡಿದು ಎಳೆಗಳು ಎಷ್ಟು ಕಡೆ ಶುರುವಾಗುತ್ತವೆ ಎಣಿಸಿ. ಮೋಟರಿಗೂ ಸ್ಕ್ರೂವಿಗೂ ಜೋಡಿಸುವ ಕಪ್ಲರ್ ಮೇಲೆ ಪೆನ್ನಿನಿಂದ ಗೆರೆ ಎಳೆದು, ಕರೆಂಟ್ ತೆಗೆದು, ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. ನಟ್ 80 ಮಿ.ಮೀ. ಸರಿದಿದ್ದರೆ 8 ಎಂದು ಬರೆದುಕೊಳ್ಳಿ.

ಬರೆಯುವುದಕ್ಕೆ ಒಂದೇ ಹಾಳೆ ಸಾಕು, ಸಂದುಗಳ ಪಟ್ಟಿ ಅನ್ನೋಣ. ಮೋಟರಿನ ಮುಖದಲ್ಲಿ ತೂತಿಂದ ತೂತಿಗೆ 31 ಮಿ.ಮೀ., ಎಂ3 ಸ್ಕ್ರೂ. ಮೋಟರ್ ಶಾಫ್ಟ್ 5, ಲೀಡ್ ಸ್ಕ್ರೂ 8, ಹಾಗಾಗಿ ಕಪ್ಲರ್ 5ರಿಂದ 8ರದ್ದು. ಡ್ರೈವರಿನ ಗ್ರೌಂಡ್, ಪ್ರೋಗ್ರಾಮ್ ಓಡಿಸುವ ಆರ್ಡುಯಿನೋ ಬೋರ್ಡಿನ ಗ್ರೌಂಡ್ ಎರಡೂ ಕೂಡಿರಬೇಕು. ಇಲ್ಲವಾದರೆ ಪಲ್ಸ್ ನೆಟ್ಟಗೆ ತಲುಪದೆ ಮೋಟರ್ ತೊದಲುತ್ತದೆ. ಪ್ರತಿ ಸಾಲಿಗೂ ಎರಡು ಹೆಸರು: ಅಳತೆ ಕೊಡುವವರದು, ಅದನ್ನು ನಂಬಿ ಕೆಲಸ ಮಾಡುವವರದು. ಬದಲಾದರೆ ಹಳೆಯದನ್ನು ಹೊಡೆದು ಹಾಕಿ, ತಾರೀಕು ಹಾಕಿ, ಇಬ್ಬರೂ ಸಹಿ ಹಾಕಿ. ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದು ಹುಟ್ಟುಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ.

ವರ್ಕ್‌ಶಾಪಿಗೆ ಹೋಗುವಾಗಲೂ ಇದೇ ಎಚ್ಚರ. 6204 ಬೇರಿಂಗಿನ ಒಳವ್ಯಾಸ 20 ಮಿ.ಮೀ., ಹೊರವ್ಯಾಸ 47. ಡ್ರಾಯಿಂಗಿನಲ್ಲಿ ಬರೀ 20 ಎಂದು ಬರೆದರೆ ಶಾಫ್ಟ್ 20.1 ಆಗಿ ಬರಬಹುದು, ಬೇರಿಂಗ್ ಏರುವುದಿಲ್ಲ. 19.9 ಆದರೆ ಒಳಗೇ ಜಾರುತ್ತದೆ. ಬೇರಿಂಗನ್ನೇ ಶಾಫ್ಟ್ ಕಡೆಯುವ ಟರ್ನರ್ ಕೈಗೆ ಕೊಟ್ಟುಬನ್ನಿ.

ಇನ್ನು ಫೈಲುಗಳು. ಫೈನಲ್, ಫೈನಲ್ 2, ಹೊಸ ಫೈನಲ್ ಎಂಬ ಹೆಸರುಗಳನ್ನು ಬಿಟ್ಟು ತಾರೀಕು ಹಾಕಿ. ಎಲ್ಲರ ಲ್ಯಾಪ್‌ಟಾಪಿನಲ್ಲೂ, ಕಾಲೇಜಿನ ಲ್ಯಾಬಿನಲ್ಲೂ ಡ್ರಾಯಿಂಗ್ ಮಾಡುವ ಕ್ಯಾಡ್ ಸಾಫ್ಟ್‌ವೇರಿನ ಆವೃತ್ತಿ ಒಂದೇ ಇರಲಿ. ಏರ್‌ಬಸ್ ಎ380 ವಿಮಾನಕ್ಕೇ ಈ ಏಟು ಬಿದ್ದಿತ್ತು. ಜರ್ಮನಿಯ ಹ್ಯಾಂಬರ್ಗ್‌ನವರು ಕಟಿಯಾ ಎಂಬ ಕ್ಯಾಡ್ ಸಾಫ್ಟ್‌ವೇರಿನ ಒಂದು ಆವೃತ್ತಿ, ಫ್ರಾನ್ಸಿನ ಟೂಲೂಸ್‌ನವರು ಇನ್ನೊಂದು ಬಳಸಿದ್ದರು. ಜೋಡಿಸುವಾಗ ವೈರುಗಳು ಗಿಡ್ಡವಾಗಿದ್ದವು. 2006ರಲ್ಲಿ ವಿಮಾನ ಕೊಡುವುದು ತಡವಾಗುತ್ತದೆಂದು ಕಂಪನಿ ಹೇಳಬೇಕಾಯಿತು.

ರಿಪೋರ್ಟ್ ಬರೆಯುವವರಿಗೆ ಬರೀ ರಿಪೋರ್ಟ್ ಕೊಡುವುದು ನನಗೆ ಸರಿಕಾಣದು. ವೈವಾದಲ್ಲಿ ಬೆಪ್ಪಾಗಿ ನಿಲ್ಲುವವರು ಅವರೇ. ವರ್ನಿಯರ್ ಕ್ಯಾಲಿಪರ್ ಅವರ ಕೈಗೆ ಕೊಡಿ, ಸಂದುಗಳ ಪಟ್ಟಿ ಅವರ ಬಳಿ ಇರಲಿ. ಬಂದ ಪ್ರತಿ ಬಿಡಿಭಾಗವನ್ನೂ ಅವರು ಅಳೆದು ಸಾಲಿನ ಪಕ್ಕ ಬರೆಯಲಿ. ನಾಲ್ಕನೇ ವಾರದಲ್ಲೇ ರಟ್ಟಿನಲ್ಲಿ ಫ್ರೇಮ್ ಕತ್ತರಿಸಿ ಅಸಲಿ ಮೋಟರ್ ಕೂರಿಸಿ ನೋಡಲಿ. ತೂತು ತಪ್ಪಿದ್ದರೆ ಹೋಗುವುದು ಒಂದು ರಟ್ಟಿನ ಡಬ್ಬ, ಲೇಸರ್ ಕಟಿಂಗಿಗೆ ಕೊಟ್ಟ ದುಡ್ಡಲ್ಲ.

ನಮಸ್ಕಾರ.