ಮನೆಯಲ್ಲೇ ಸೈ-ಫೈ ಕವಚ: ತೊಟ್ಟುಕೊಂಡು ಕೂರೋಕೂ ಬರಬೇಕು

(ದೃಶ್ಯ: ಮನೆ ಮಹಡಿ, ಬೆಳಗಿನ ಬಿಸಿಲು. ಬೆಳ್ಳಿ-ಕಪ್ಪು ಬಣ್ಣದ ಕವಚ ತೊಟ್ಟ ಹುಡುಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಾನೆ, ಏಳುತ್ತಾನೆ, ಎರಡೂ ಕೈ ಮೇಲೆತ್ತುತ್ತಾನೆ.)

ನಮಸ್ಕಾರ, ದಾವಣಗೆರೆಯಿಂದ. ಈಗ ನೋಡಿದಿರಲ್ಲ, ನನ್ನ ತಮ್ಮ ಕೂತಿದ್ದು, ಎದ್ದಿದ್ದು, ಕೈ ಎತ್ತಿದ್ದು. ಇವತ್ತಿನ ವಿಡಿಯೋ ಇರುವುದೇ ಅದರ ಬಗ್ಗೆ. ಸೈ-ಫೈ ಕವಚ, ಅಂದರೆ ವಿಜ್ಞಾನ ಕಥೆಯ ಸಿನಿಮಾಗಳಲ್ಲಿ ತೊಡುವಂಥ ಕವಚ, ಮಾಡುವ ವಿಡಿಯೋಗಳಲ್ಲಿ ಬಣ್ಣ, ಲೈಟು, ಹೊಳಪು ಎಲ್ಲ ಚೆನ್ನಾಗಿ ತೋರಿಸುತ್ತಾರೆ. ಮೈಗೆ ಕೂರಿಸುವುದನ್ನು ಮಾತ್ರ ಕೊನೆಯ ಎರಡು ನಿಮಿಷಕ್ಕೆ ಇಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಕೆಲಸ ಶುರುವಾಗಬೇಕಾದ್ದೇ ಅಲ್ಲಿಂದ. ಕಾಲೇಜ್ ಫೆಸ್ಟ್‌ನಲ್ಲಿ ನಾಲ್ಕೈದು ಗಂಟೆ ತೊಟ್ಟುಕೊಂಡು ಓಡಾಡಬೇಕು ಅಂದರೆ ಅಳತೆ ಮೊದಲು, ಅಂದ ಆಮೇಲೆ.

ಇದು ನಮ್ಮ ಊರಿಗೆ ಹೊಸ ವಿದ್ಯೆ ಏನಲ್ಲ. ರಂಗನಟಿ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಊರು ಇದು. ಸುತ್ತಮುತ್ತಲ ಹಳ್ಳಿಗಳಲ್ಲಿ ಬಯಲಾಟ ಕಟ್ಟುವವರು ಇದ್ದಾರೆ. ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲ ಕಟ್ಟಿಕೊಂಡು ರಾತ್ರಿಯಿಡೀ ಕುಣಿಯುತ್ತಾರೆ. ಆ ವೇಷವನ್ನು ಒಂದು ಸಲ ಹಿಂದಿನಿಂದ ನೋಡಿ. ಮುಂದೆ ಎಷ್ಟು ಮಿಂಚು ಇದೆಯೋ ಹಿಂದೆ ಅಷ್ಟೇ ದಾರ, ಅಷ್ಟೇ ಗಂಟು. ಭಾರವೆಲ್ಲ ಒಂದೇ ಕಡೆ ಬೀಳದ ಹಾಗೆ ಕಟ್ಟಿರುತ್ತಾರೆ. ಕಟ್ಟುವುದಕ್ಕೆ ಇನ್ನೊಬ್ಬರು ಜೊತೆಗೆ ಇರಲೇಬೇಕು. ನಮ್ಮ ಕವಚಕ್ಕೂ ಇದನ್ನೇ ತೆಗೆದುಕೊಳ್ಳುತ್ತಿದ್ದೇವೆ.

(ದೃಶ್ಯ: ಮೇಜಿನ ಮೇಲೆ ಫೋಮ್ ಹಾಳೆಗಳು, ಕಟರ್, ಗಮ್ ಡಬ್ಬಿ, ಹೀಟ್ ಗನ್.)

ಮೊದಲು ಸಾಮಾನು. ನಮಗೆ ಬೇಕಾದ್ದು ಇವಿಎ ಫೋಮ್. ಮಕ್ಕಳ ಆಟಕ್ಕೆ ನೆಲದ ಮೇಲೆ ಜೋಡಿಸುವ ಬಣ್ಣದ ಮ್ಯಾಟ್ ಇದೆಯಲ್ಲ, ಅದು ಸಾಮಾನ್ಯವಾಗಿ ಇದೇ. ಚಪ್ಪಲಿ ಅಟ್ಟೆಗೂ ಇದೇ ಫೋಮ್ ಬಳಸುತ್ತಾರೆ. ಹಾಗಾಗಿ ಚಪ್ಪಲಿ ತಯಾರಿಸುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ವಿಚಾರಿಸಿ. ಎದೆ, ಬೆನ್ನು, ಕಾಲಿಗೆ 10 ಮಿ.ಮೀ. ದಪ್ಪದ್ದು. ಮುಂಗೈ, ಹೊಟ್ಟೆ ಭಾಗಕ್ಕೆ 5 ಅಥವಾ 6 ಮಿ.ಮೀ. ಮೇಲಿನ ಅಲಂಕಾರಕ್ಕೆ 2 ಮಿ.ಮೀ. ಕೊಳ್ಳುವ ಮುಂಚೆ ಉಗುರಿನಿಂದ ಒತ್ತಿ ನೋಡಿ. ಗುರುತು ಬೇಗ ಮಾಯವಾದರೆ ಒಳ್ಳೆಯದು. ಗುಳಿ ಬಿದ್ದು ಹಾಗೇ ಉಳಿದರೆ ಆ ಫೋಮ್ ಬೇಡ, ತೊಟ್ಟಾಗ ಅಂಚೆಲ್ಲ ಜಜ್ಜಿ ಹೋಗುತ್ತದೆ.

ಪಟ್ಟಿ, ಬಕಲ್, ವೆಲ್ಕ್ರೋ, ಎಲಾಸ್ಟಿಕ್ ಎಲ್ಲ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ, ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಮಂಡಿಪೇಟೆ, ಚೌಕಿಪೇಟೆ ಕಡೆ ಒಂದು ಸುತ್ತು ಹಾಕಿ ಬನ್ನಿ.

(ದೃಶ್ಯ: ತಮ್ಮ ಹಳೇ ಟೀ ಶರ್ಟ್ ಹಾಕಿ ನಿಂತಿದ್ದಾನೆ. ಮೈ ಸುತ್ತ ಕ್ಲಿಂಗ್ ಫಿಲ್ಮ್, ಅದರ ಮೇಲೆ ಪೇಪರ್ ಟೇಪ್.)

ಈಗ ಅಳತೆ. ಪೆಪಕುರಾ ಡಿಸೈನರ್ ಅಂತ ಜಪಾನಿನ ಒಂದು ಸಾಫ್ಟ್‌ವೇರ್ ಇದೆ. ಕಂಪ್ಯೂಟರ್‌ನಲ್ಲಿರುವ 3ಡಿ ಮಾದರಿಯನ್ನು ಬಿಡಿಸಿ, ಕಾಗದದ ಮೇಲೆ ಪ್ರಿಂಟ್ ತೆಗೆಯುವ ಹಾಗೆ ಮಾಡಿಕೊಡುತ್ತದೆ. ಹೆಲ್ಮೆಟ್‌ಗೆ ಅದು ತುಂಬ ಚೆನ್ನಾಗಿದೆ. ಎದೆಗೆ, ತೊಡೆಗೆ ಅದನ್ನೇ ನಂಬಿ ಕೂರಬೇಡಿ. ನೀವು ಎತ್ತರಕ್ಕೆ ತಕ್ಕ ಹಾಗೆ ದೊಡ್ಡದು ಮಾಡಿದರೆ ಅದು ಅಗಲವನ್ನೂ ಅಷ್ಟೇ ಪಾಲು ದೊಡ್ಡದು ಮಾಡುತ್ತದೆ. ಎತ್ತರ ಇರುವವರೆಲ್ಲ ದಪ್ಪ ಇರಲ್ಲ, ಅಲ್ವಾ?

ಅದಕ್ಕೆ ನಾವು ಮೈಯಿಂದಲೇ ಅಳತೆ ತೆಗೆಯುತ್ತೇವೆ. ಹಳೇ ಟೀ ಶರ್ಟ್ ಹಾಕಿ, ಅದರ ಮೇಲೆ ಕ್ಲಿಂಗ್ ಫಿಲ್ಮ್, ಅಂದರೆ ಆಹಾರ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ, ಸಡಿಲವಾಗಿ ಸುತ್ತಿ, ಮೇಲೆ ಪೇಪರ್ ಟೇಪ್ ಅಡ್ಡ ಒಂದು ಪದರ, ಉದ್ದ ಒಂದು ಪದರ ಹಾಕಿ. ಉಸಿರು ಪೂರ್ತಿ ಎಳೆದುಕೊಂಡು ನಿಲ್ಲಬೇಕು. ಕುತ್ತಿಗೆಗೆ ಮಾತ್ರ ಯಾವತ್ತೂ ಸುತ್ತಬೇಡಿ. ಈಗ ಮಾರ್ಕರ್‌ನಲ್ಲಿ ಕವಚದ ಗೆರೆಗಳನ್ನು ಮೈ ಮೇಲೇ ಬರೆಯಿರಿ. ಎದೆಯ ಭಾಗ ಎಲ್ಲಿ ಮುಗಿಯಬೇಕು ಅಂತ ಕೈಯಲ್ಲೇ ಮುಟ್ಟಿ ನೋಡಿ, ಕೊನೆಯ ಪಕ್ಕೆಲುಬು ಸಿಗುವ ಜಾಗ. ಅದರ ಕೆಳಗೆ ಇಳಿದರೆ ಕೂತಾಗ ಕವಚ ಮೇಲೆದ್ದು ಗಂಟಲಿಗೆ ಒತ್ತುತ್ತದೆ. ಹೊಟ್ಟೆಗೆ ಬೇರೆಯದೇ ತುಂಡು ಇರಲಿ. ಅದರ ಮೇಲಂಚು ಎದೆ ಕವಚದ ಒಳಗೆ ಜಾರುವ ಹಾಗೆ ಇರಬೇಕು.

ಗೆರೆ ಬರೆದ ಮೇಲೆ ಅವುಗಳನ್ನು ಅಡ್ಡ ದಾಟುವ ಚಿಕ್ಕ ಚಿಕ್ಕ ಗೀಟು ಹಾಕಿ. ಬಿಡಿಸಿದ ಮೇಲೆ ಯಾವ ಅಂಚು ಯಾವುದಕ್ಕೆ ಸೇರಬೇಕು ಅಂತ ಗೊತ್ತಾಗುವುದು ಇದರಿಂದಲೇ. ಎಡ, ಬಲ, ಮೇಲು ಅಂತಲೂ ಬರೆದಿಡಿ. ಆಮೇಲೆ ಬೆನ್ನಿನ ಕಡೆಯಿಂದ, ಮೊಂಡು ತುದಿಯ ಕತ್ತರಿಯಲ್ಲಿ ಬಿಡಿಸಿಕೊಳ್ಳಿ. ಟೇಪ್ ಚಪ್ಪಟೆಯಾಗಿ ಮಲಗದೆ ಎಲ್ಲಿ ಉಬ್ಬಿ ನಿಲ್ಲುತ್ತದೋ ಅಲ್ಲಿ ಒಂದು ಸೀಳು ಕೊಡಿ. ಅದು ತೆರೆದುಕೊಂಡು ಮಲಗುತ್ತದೆ. ರವಿಕೆಗೆ ಟೈಲರ್ ಡಾಟ್ ಹಿಡಿಯುವುದು ಇದೇ ಕಾರಣಕ್ಕೆ.

(ದೃಶ್ಯ: ಕಾಗದದ ಮೇಲೆ ಒಂದರೊಳಗೊಂದು ಎರಡು ವೃತ್ತ. 26, 31 ಎಂಬ ಅಂಕಿಗಳು.)

ಇಲ್ಲಿ ಒಂದು ಲೆಕ್ಕ ಇದೆ. ಇದನ್ನು ದಯವಿಟ್ಟು ದಾಟಿಸಿಕೊಂಡು ಹೋಗಬೇಡಿ. ತಮ್ಮನ ಮುಂಗೈ ಸುತ್ತಳತೆ 26 ಸೆಂ.ಮೀ. ಅಂತ ಇಟ್ಟುಕೊಳ್ಳಿ. 26 ಸೆಂ.ಮೀ. ಉದ್ದದ, 10 ಮಿ.ಮೀ. ಫೋಮ್ ಕತ್ತರಿಸಿ ಸುತ್ತಿದರೆ ಅಂಚು ಅಂಚಿಗೆ ಮುಟ್ಟಲ್ಲ. ಯಾಕೆ? ಫೋಮ್ ಬಾಗಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಹೆಚ್ಚೂ ಕಡಿಮೆ ನಡುವಿನ ಪದರದ ಉದ್ದ ಮಾತ್ರ ಹಾಗೇ ಉಳಿಯುತ್ತದೆ. ಆ ಪದರ ಕೈಯಿಂದ 5 ಮಿ.ಮೀ. ಆಚೆ ಇದೆ. ತ್ರಿಜ್ಯ 5 ಮಿ.ಮೀ. ಜಾಸ್ತಿಯಾದರೆ ಸುತ್ತಳತೆ ಅದರ 6.28 ಪಟ್ಟು, ಅಂದರೆ 31 ಮಿ.ಮೀ. ಜಾಸ್ತಿಯಾಗುತ್ತದೆ. ಸುಮಾರು 3 ಸೆಂ.ಮೀ. ಒಳಗಿನ ಬಟ್ಟೆಗೆ, ಮಾಂಸಖಂಡ ಉಬ್ಬುವುದಕ್ಕೆ ಇನ್ನೊಂದು 2 ಸೆಂ.ಮೀ. ಬಿಡಿ. ಒಟ್ಟು 31 ಸೆಂ.ಮೀ. ಮುಂಗೈಗೆ ಮೊದಲು ಹೇಳಿದ 6 ಮಿ.ಮೀ. ಫೋಮ್ ಆದರೆ 3 ಸೆಂ.ಮೀ. ಬದಲು ಸುಮಾರು 2 ಸೆಂ.ಮೀ. ಸಾಕು. ಈ ಲೆಕ್ಕ ತೋಳು, ತೊಡೆ, ಕಣಕಾಲು, ಎದೆ ಎಲ್ಲದಕ್ಕೂ ಒಂದೇ.

(ದೃಶ್ಯ: ತಮ್ಮ ರಟ್ಟಿನ ಕವಚದಲ್ಲಿ. ಕುರ್ಚಿಯ ಮೇಲೆ ಕೂರಲು ನೋಡುತ್ತಾನೆ.)

ಫೋಮ್‌ಗೆ ಕಟರ್ ತಾಗಿಸುವ ಮುಂಚೆ ತೆಳು ರಟ್ಟಿನಲ್ಲಿ ಪೂರ್ತಿ ಒಂದು ಸೆಟ್ ಮಾಡಿ. ಇದನ್ನು ಯಾರೂ ಇಷ್ಟಪಟ್ಟು ಮಾಡಲ್ಲ ಅಂತ ಗೊತ್ತು. ಆದರೂ ಮಾಡಿ.

ತಮ್ಮ: ಅಕ್ಕಾ, ಕೂತ್ರೆ ತೊಡೆಗೆ ಚುಚ್ತಿದೆ.

ನಾನು: ಎಲ್ಲಿ, ಹೊರಗಡೆನಾ ಒಳಗಡೆನಾ?

ತಮ್ಮ: ಒಳಗಡೆ. ಮತ್ತೆ ಕೈ ಮುಂದೆ ತಂದ್ರೆ ಎದೆ ಹತ್ರ ತಡೀತಿದೆ.

ನೋಡಿ, ರಟ್ಟಿನ ಕೆಲಸವೇ ಇದು. ತೊಡೆಯ ಕವಚದ ಮೇಲಂಚನ್ನು ಹೊರಗಡೆ ಎತ್ತರ ಬಿಟ್ಟು, ಒಳಗಡೆ ಓರೆಯಾಗಿ ಇಳಿಸಿ. ಕಂಕುಳ ಹತ್ತಿರ ಬೆನ್ನಿಗಿಂತ ಎದೆಯ ಕಡೆ ಜಾಸ್ತಿ ಕತ್ತರಿಸಿ, ಯಾಕಂದರೆ ನಮ್ಮ ಕೈ ಮುಂದಕ್ಕೇ ಹೆಚ್ಚು ಬರುತ್ತದೆ. ಮೊಣಕಾಲ ಹಿಂದೆ ತೊಡೆಯ ತುಂಡಿಗೂ ಕಣಕಾಲಿನ ತುಂಡಿಗೂ ನಡುವೆ ನಾಲ್ಕು ಬೆರಳು ಜಾಗ ಇರಲಿ. ಮೊಣಕಾಲ ಚಿಪ್ಪನ್ನು ಕಣಕಾಲಿನ ತುಂಡಿಗೆ ಸೇರಿಸಿ. ಈಗ ಮೆಟ್ಟಿಲು ಹತ್ತಿಸಿ, ಇಳಿಸಿ, ಬಗ್ಗಿ ಶೂ ಮುಟ್ಟಿಸಿ. ಎಲ್ಲೆಲ್ಲಿ ರಟ್ಟು ಮಡಚಿ ಹೋಯಿತೋ ಅಲ್ಲೆಲ್ಲ ನಿಮ್ಮ ನಕ್ಷೆ ತಿದ್ದಿ.

(ದೃಶ್ಯ: ಕಟರ್ ಫೋಮ್ ಮೇಲೆ ಸಾಗುವುದು, ಹತ್ತಿರದಿಂದ.)

ಕತ್ತರಿಸುವಾಗ ಹೊಸ ಬ್ಲೇಡ್. ಫೋಮ್ ಮೆತ್ತಗಿದ್ದರೂ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಗರಗಸದ ಥರ ಹಿಂದೆ ಮುಂದೆ ಆಡಿಸಬೇಡಿ, ಉದ್ದಕ್ಕೆ ಒಂದೇ ಎಳೆತ. ನೇರ ಮೂಲೆ ಬರಬೇಕಾದರೆ ಎರಡೂ ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಜೋಡಿಸಿ. ಹಿಡಿಯದ ಕೈ ಯಾವಾಗಲೂ ಬ್ಲೇಡಿನ ಹಿಂದೆ ಇರಲಿ.

(ದೃಶ್ಯ: ಹೀಟ್ ಗನ್. ಪಕ್ಕದಲ್ಲಿ ಬೋರಲು ಹಾಕಿದ ಸ್ಟೀಲ್ ಕೊಡ.)

ಇದು ನನಗೆ ತುಂಬ ಇಷ್ಟವಾದ ಭಾಗ. ಕೂದಲು ಒಣಗಿಸುವ ಡ್ರೈಯರ್ ಈ ದಪ್ಪದ ಫೋಮ್‌ಗೆ ಸಾಲಲ್ಲ, ಹೀಟ್ ಗನ್ ಬೇಕು. ಅದರ ಗಾಳಿ 300 ಡಿಗ್ರಿ ದಾಟುತ್ತದೆ. ಹಾಗಾಗಿ ಒಂದೇ ಕಡೆ ಹಿಡಿಯದೆ ಆಡಿಸುತ್ತಾ ಇರಿ. ಫೋಮ್ ಮೈಯನ್ನು ಗಮನಿಸಿ. ಮೊದಲು ಮಂಕಾಗಿರುತ್ತದೆ. ಬಿಸಿ ಹತ್ತಿದ ಹಾಗೆ ಸಣ್ಣ ಮಿಂಚು ಬರುತ್ತದೆ. ಮೇಲಿನ ಸಣ್ಣ ರಂಧ್ರಗಳು ಮುಚ್ಚಿಕೊಂಡವು ಅಂತ ಅರ್ಥ. ಮಿಂಚು ಬಂದ ಕೂಡಲೇ ನಿಲ್ಲಿಸಿ, ಇನ್ನೂ ಬಿಸಿ ಮಾಡಿದರೆ ಸುಟ್ಟು ಗುಳ್ಳೆ ಏಳುತ್ತದೆ.

ಭುಜದ ತುಂಡಿಗೆ ಗುಂಡನೆಯ ಆಕಾರ ಬೇಕಲ್ಲ. ನಮ್ಮ ಮನೆಯ ನೀರಿನ ಕೊಡವನ್ನು ಬೋರಲು ಹಾಕಿದ್ದೇನೆ. ಎರಡೂ ಕಡೆ ಕಾಯಿಸಿದ ಫೋಮನ್ನು ಅದರ ಮೇಲೆ ಒತ್ತಿ ಹಿಡಿಯಿರಿ. ಕೈಗೆ ದಪ್ಪ ಗ್ಲೌಸ್ ಇರಲಿ. ಪೂರ್ತಿ ತಣ್ಣಗಾಗುವವರೆಗೆ ಬಿಡಬೇಡಿ. ತಣ್ಣಗಾದ ಮೇಲೆ ಫೋಮ್ ಆ ಆಕಾರವನ್ನೇ ಉಳಿಸಿಕೊಳ್ಳುತ್ತದೆ. ಭುಜಕೀರ್ತಿ ರೆಡಿ.

ಇನ್ನೊಂದು ಚಂದದ ಕೆಲಸ ತೋರಿಸುತ್ತೇನೆ. ಫೋಮ್ ಮೇಲೆ ಅರ್ಧ ಆಳಕ್ಕೆ ಮಾತ್ರ ಕಟರ್‌ನಿಂದ ಒಂದು ಗೆರೆ ಎಳೆಯುತ್ತೇನೆ. ಗೆರೆ ಕಾಣುವುದೇ ಇಲ್ಲ ಅಲ್ವಾ? ಈಗ ಹೀಟ್ ಗನ್ ಹಿಡಿಯುತ್ತೇನೆ. ನೋಡಿ, ಗೆರೆ ತಾನಾಗಿ ಬಾಯಿ ಬಿಡುತ್ತಿದೆ. ಲೋಹದ ಎರಡು ತಗಡು ಸೇರಿಸಿದ ಹಾಗೆ ಕಾಣುವ ಸಂದುಗಳನ್ನು ಮಾಡುವುದು ಹೀಗೆ. ಯುದ್ಧದಲ್ಲಿ ಬಿದ್ದ ಏಟಿನ ಗುರುತನ್ನೂ ಹೀಗೇ ಮಾಡಬಹುದು.

(ದೃಶ್ಯ: ಎರಡೂ ಅಂಚಿಗೆ ಗಮ್ ಹಚ್ಚುವುದು.)

ಅಂಟಿಸಲು ಬಿಳಿ ಫೆವಿಕಾಲ್ ಬೇಡ. ಚಪ್ಪಲಿ ರಿಪೇರಿಗೆ ಹಚ್ಚುವಂಥ ರಬ್ಬರ್ ಗಮ್ ಬೇಕು. ಫೆವಿಕಾಲ್ ಎಸ್‌ಆರ್ 998 ಆ ಜಾತಿಯದು. ಎರಡೂ ಅಂಚಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಲು ಬಿಡಿ. ಸುಮಾರು 10ರಿಂದ 15 ನಿಮಿಷ, ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಅಡ್ಡ ಗೀಟುಗಳನ್ನು ಒಂದಕ್ಕೊಂದು ಹೊಂದಿಸುತ್ತಾ ಒಂದು ತುದಿಯಿಂದ ಒತ್ತುತ್ತಾ ಹೋಗಿ. ಮುಟ್ಟಿದ ತಕ್ಷಣ ಹಿಡಿದುಬಿಡುತ್ತದೆ, ಜರುಗಿಸಲು ಆಗಲ್ಲ.

ಈ ಗಮ್‌ನ ಆವಿ ಬೆಂಕಿ ಹತ್ತುವಂಥದ್ದು. ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಗಮ್ ಆರುವ ಮುಂಚೆ ಹೀಟ್ ಗನ್ ಕೂಡ ಆನ್ ಮಾಡಬೇಡಿ. ಬಟ್ಟೆ ಮಾಸ್ಕ್ ಧೂಳು ತಡೆಯಬಹುದು, ಆವಿಯನ್ನು ತಡೆಯಲ್ಲ. ಅದಕ್ಕೆ ಕೆಮಿಕಲ್ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕೇ ಬೇಕು, ಜೊತೆಗೆ ಗಾಳಿ ಆಡುವ ಜಾಗ ಬೇಕು. ನಾನು ಮಹಡಿ ಮೇಲೆ ಕೆಲಸ ಮಾಡುವುದು ಅದಕ್ಕೇ. ಚಿಕ್ಕ ಮಕ್ಕಳು ಈ ವಿಡಿಯೋ ನೋಡುತ್ತಿದ್ದರೆ, ಗಮ್, ಕಟರ್, ಹೀಟ್ ಗನ್ ಮೂರನ್ನೂ ಮನೆಯ ದೊಡ್ಡವರ ಕೈಗೆ ಕೊಡಿ.

ಬಣ್ಣ ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿ ಬಿಳಿ ಫೆವಿಕಾಲ್ ಕೆಲಸಕ್ಕೆ ಬರುತ್ತದೆ. ಅರ್ಧಕ್ಕರ್ಧ ನೀರು ಸೇರಿಸಿ ಮೂರ್ನಾಲ್ಕು ಕೋಟ್, ಪ್ರತಿ ಸಲ ಪೂರ್ತಿ ಒಣಗಿಸಿ. ಮೇಲೆ ಕಪ್ಪು, ಅದರ ಮೇಲೆ ಬೆಳ್ಳಿ. ಕೊನೆಗೆ ಕಪ್ಪು ಅಕ್ರಿಲಿಕ್ ಬಣ್ಣವನ್ನು ನೀರು ಮಾಡಿ ಬಳಿದು, ತಕ್ಷಣ ಬಟ್ಟೆಯಿಂದ ಒರೆಸಿ. ಸಂದುಗಳಲ್ಲಿ ಉಳಿದ ಕಪ್ಪೇ ಲೋಹದ ಕಳೆ ಕೊಡುತ್ತದೆ. ಸಿಲಿಕಾನ್ ಸೀಲಂಟ್‌ನಿಂದ ಸಂದು ಮುಚ್ಚಬೇಡಿ, ಅದರ ಮೇಲೆ ಬಣ್ಣ ನಿಲ್ಲಲ್ಲ.

(ದೃಶ್ಯ: ಕವಚದ ಒಳಮೈ. ಪಟ್ಟಿಗಳು, ಬಕಲ್‌ಗಳು.)

ಪಟ್ಟಿಗೆ ಬರೋಣ. ನೈಲಾನ್ ಪಟ್ಟಿಯ ತುದಿಯನ್ನು ಸುಮ್ನೆ ಫೋಮ್‌ಗೆ ಅಂಟಿಸಿದರೆ ಎಳೆದಾಗ ಪಟ್ಟಿ ಬಿಡಲ್ಲ, ಫೋಮೇ ಕಿತ್ತು ಬರುತ್ತದೆ. ಪಟ್ಟಿಯನ್ನು ಒಂದು ಗೇಣು ಉದ್ದ ಒಳಗೆ ಹರಡಿ, ಅದರ ಮೇಲೆ ಅಂಗೈ ಅಗಲದ ಫೋಮ್ ತುಂಡನ್ನು ಮುಚ್ಚಿ ಅಂಟಿಸಿ. ತೊಡೆಯ ಕವಚವನ್ನು ತೊಡೆಗೆ ಬಿಗಿದು ನಿಲ್ಲಿಸಲು ಹೋಗಬೇಡಿ. ರಕ್ತ ಓಡಲ್ಲ, ಕವಚವೂ ನಿಲ್ಲಲ್ಲ. ಸೊಂಟದ ಬೆಲ್ಟಿನಿಂದ ತೂಗು ಹಾಕಿ. ಭುಜಕೀರ್ತಿಯನ್ನು ಎದೆ ಕವಚಕ್ಕೆ ಎಲಾಸ್ಟಿಕ್‌ನಿಂದ ಕಟ್ಟಿ, ತೋಳಿಗೆ ಒಂದು ಪಟ್ಟಿ ಕೊಡಿ. ಕೈ ಎತ್ತಿದಾಗ ಅದು ಕೈ ಜೊತೆ ಏಳಬೇಕು, ಕಿವಿಗೆ ಬಡಿಯಬಾರದು.

ತೊಡುವಾಗ ಕೆಳಗಿನಿಂದ ಮೇಲೆ. ಶೂ, ಕಣಕಾಲು, ಮೊಣಕಾಲು, ತೊಡೆ, ಬೆಲ್ಟು, ಹೊಟ್ಟೆ, ಎದೆ, ಭುಜ, ಮುಂಗೈ, ಹೆಲ್ಮೆಟ್, ಕೊನೆಗೆ ಗ್ಲೌಸ್. ಎದೆ ಕವಚ ಹಾಕಿದ ಮೇಲೆ ಬಗ್ಗಿ ಶೂ ಲೇಸ್ ಕಟ್ಟಲು ಆಗಲ್ಲ. ಶೌಚಾಲಯಕ್ಕೆ ಮೊದಲೇ ಹೋಗಿ ಬನ್ನಿ.

ಹೆಲ್ಮೆಟ್ ಬಗ್ಗೆ ಬೇರೆ ವಿಡಿಯೋ ಮಾಡುತ್ತೇನೆ, ಈಗ ಮುಖ್ಯವಾದದ್ದಷ್ಟೇ. ಕೆಳಗಿನ ಬಾಯಿ ತಲೆಯ ಅತಿ ಅಗಲವಾದ ಭಾಗ ದಾಟುವಷ್ಟು ದೊಡ್ಡದಿರಬೇಕು, ಇಲ್ಲವಾದರೆ ಹಿಂಭಾಗ ಬಿಚ್ಚಿ ಮ್ಯಾಗ್ನೆಟ್‌ನಿಂದ ಮುಚ್ಚುವ ಹಾಗಿರಬೇಕು. ಬಾಯಿಯ ಹತ್ತಿರ 5 ವೋಲ್ಟ್‌ನ ಚಿಕ್ಕ ಫ್ಯಾನ್ ಕೂರಿಸಿ, ಪವರ್ ಬ್ಯಾಂಕ್‌ನಿಂದ ಓಡಿಸಿ. ಇಲ್ಲದಿದ್ದರೆ ಉಸಿರಿಗೆ ವೈಸರ್ ಮಬ್ಬಾಗುತ್ತದೆ. ಫೋಮ್ ಹೆಲ್ಮೆಟ್ ಹಾಕಿಕೊಂಡು ಬೈಕ್ ಹತ್ತಬೇಡಿ, ಅದು ತಲೆ ಕಾಯಲ್ಲ.

ನಮ್ಮಲ್ಲಿ ಏಪ್ರಿಲ್ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಫೋಮ್ ಶಾಖವನ್ನು ಹೊರಗೆ ಬಿಡಲ್ಲ. ಒಳಗೆ ತೆಳು ಹತ್ತಿ ಬನಿಯನ್ ಇರಲಿ. ಅರ್ಧ ಗಂಟೆಗೊಮ್ಮೆ ಹೆಲ್ಮೆಟ್ ತೆಗೆದು ನೀರು ಕುಡಿಯಿರಿ. ಪಕ್ಕಕ್ಕೆ ಏನೂ ಕಾಣದ ಕಾರಣ ಜೊತೆಗೆ ಒಬ್ಬರು ಕೈ ಹಿಡಿದು ನಡೆಸುವವರು ಬೇಕು. ತಲೆ ಸುತ್ತಿದರೆ ಆ ಒಬ್ಬರು ಥಟ್ಟನೆ ಬಿಚ್ಚುವ ಹಾಗೆ ಎದೆಯ ಬಕಲ್‌ಗಳು ಹೊರಗಡೆ, ಕೈಗೆ ಸಿಗುವ ಜಾಗದಲ್ಲೇ ಇರಲಿ. ಫೆಸ್ಟ್ ಮುಗಿದ ಮೇಲೆ ಕವಚವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ, ಗಮ್ ಮೆತ್ತಗಾಗಿ ಅಂಚುಗಳು ಬಿಟ್ಟುಕೊಳ್ಳುತ್ತವೆ. ಒಳಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ ಎತ್ತಿಡಿ.

ರಟ್ಟಿನ ಸೆಟ್ ಮಾಡುವಾಗ ಎಲ್ಲಾದರೂ ಒತ್ತಿದರೆ, ಕೂತಿರುವ ಫೋಟೋ ಒಂದು, ಕೈ ಎತ್ತಿರುವ ಫೋಟೋ ಒಂದು ತೆಗೆದು ಕಳಿಸಿ. ಎಲ್ಲಿ ಕತ್ತರಿಸಬೇಕು ಅಂತ ಗೆರೆ ಎಳೆದು ತೋರಿಸುತ್ತೇನೆ.