ಸಂಜೆಮಲ್ಲಿಗೆ ಹೆಸರಿನ ಸಿನಿಮಾ

ಕೇಳುಗರಿಗೆ ನಮಸ್ಕಾರ.

ಹಿತ್ತಿಲ ಬೇಲಿಯ ಪಕ್ಕದಲ್ಲಿ ಹೊತ್ತಿಳಿದ ಮೇಲೆ ಅರಳುವ ಸಂಜೆಮಲ್ಲಿಗೆ ಗೊತ್ತಲ್ಲ, ಅದಕ್ಕೆ ಫ್ರೆಂಚರು 'ಬೆಲ್ ದ ನ್ವಿ' ಅನ್ನುತ್ತಾರೆ. ಇರುಳ ಚೆಲುವೆ ಅಂತ ಅರ್ಥ. 1952ರಲ್ಲಿ ನಿರ್ದೇಶಕ ರೆನೆ ಕ್ಲೇರ್ ಈ ಹೆಸರನ್ನೇ ಬಹುವಚನ ಮಾಡಿ ತಮ್ಮ ಸಿನಿಮಾಕ್ಕೆ ಇಟ್ಟರು. ಅದರಲ್ಲಿ ರಾತ್ರಿ ಅರಳುವವರು ಕನಸಿನ ಹೆಂಗಸರು.

ಕ್ಲೋದ್ ಸಣ್ಣ ಊರಿನ ಸಂಗೀತ ಮೇಷ್ಟ್ರು. ಕೈಯಲ್ಲಿ ಕಾಸಿಲ್ಲ, ತಲೆಯಲ್ಲೊಂದು ಒಪೆರಾ ಇದೆ. ಪಿಯಾನೋ ಮುಂದೆ ಕೂತನೋ, ಪಕ್ಕದ ಗ್ಯಾರೇಜಿನಲ್ಲಿ ಇಂಜಿನ್ನು ಗುರ್ ಅನ್ನುತ್ತದೆ. ಕಣ್ಣು ಮುಚ್ಚಿದರೆ ಮಾತ್ರ ಸುಖ. ಕನಸಿನಲ್ಲಿ ಅದು 1900ನೇ ಇಸವಿ, ಅವನ ಸಂಗೀತಕ್ಕೆ ಚಪ್ಪಾಳೆ, ಜೊತೆಗೊಬ್ಬ ಸುಂದರಿ. ಅಷ್ಟರಲ್ಲಿ ಒಬ್ಬ ಮುದುಕ ಶುರುಮಾಡುತ್ತಾನೆ: ಇದೂ ಒಂದು ಕಾಲವೇ, ನಮ್ಮ ಕಾಲ ನೋಡಬೇಕಿತ್ತು! ಸರಿ, ಕ್ಲೋದ್ 1830ರ ಅಲ್ಜೀರಿಯಾಕ್ಕೆ ಜಾರುತ್ತಾನೆ. ಅಲ್ಲೂ ಅದೇ ಮುದುಕ, ಅದೇ ಗೊಣಗಾಟ. ಇನ್ನೂ ಹಿಂದಕ್ಕೆ ಹೋದರೆ ಫ್ರೆಂಚ್ ಕ್ರಾಂತಿ. ನಮ್ಮ ಜಗಲಿಗಳ ಮೇಲೆ ಈ ಮುದುಕನನ್ನು ಕಾಣದವರು ಯಾರಿದ್ದಾರೆ? ನಾನೇ ಈಚೆಗೆ ಅವನಾಗುತ್ತಿದ್ದೇನೆ ಅಂತ ಮಕ್ಕಳು ಹೇಳುತ್ತಾರೆ.

ಕನಸಿನ ಈ ಹೆಂಗಸರೆಲ್ಲ ಹಗಲಲ್ಲಿ ಅವನ ಬೀದಿಯವರೇ. ಅರಬ್ ಚೆಲುವೆ ಲೈಲಾ, ಬೆಳಗಾದರೆ ಕೆಫೆಯ ಗಲ್ಲಾದಲ್ಲಿ ಕೂತಿರುತ್ತಾಳೆ. ಕ್ರಾಂತಿಕಾಲದ ಸುಸಾನ್ ಆ ಗ್ಯಾರೇಜಿನವನ ಮಗಳು. ಗದ್ದಲದ ಮನೆಯಲ್ಲೇ ಹುಡುಗಿ ಇಟ್ಟಿದ್ದು ಕ್ಲೇರ್ ಅವರ ತುಂಟತನ.

ಲೈಲಾ ಆಗಿ ಬಂದವರು ಇಟಲಿಯ ಜೀನಾ ಲೊಲ್ಲೊಬ್ರಿಜಿಡಾ. ಬಂಡವಾಳದಲ್ಲೂ ಇಟಲಿಯ ಪಾಲಿತ್ತು. ಯುದ್ಧ ಮುಗಿದ ಮೇಲೆ ಹಾಲಿವುಡ್ ಚಿತ್ರಗಳು ಯುರೋಪಿನ ಚಿತ್ರಮಂದಿರಗಳಿಗೆ ನುಗ್ಗಿದವು. ಅಮೆರಿಕದ ಜೊತೆಗಿನ 1946ರ ಒಪ್ಪಂದದಂತೆ ಫ್ರಾನ್ಸಿನಲ್ಲಿ ಹದಿಮೂರು ವಾರಕ್ಕೆ ನಾಲ್ಕು ವಾರ ಮಾತ್ರ ಸ್ವದೇಶಿ ಚಿತ್ರಗಳಿಗೆ ಮೀಸಲು. ಒಬ್ಬೊಬ್ಬರೇ ಎದುರಿಸಿ ಗೆಲ್ಲುವ ಮಾತಲ್ಲ. 1949ರಲ್ಲಿ ಫ್ರಾನ್ಸ್, ಇಟಲಿ ಕೈಕುಲುಕಿದವು. ಇಬ್ಬರೂ ಕೂಡಿ ತೆಗೆದ ಚಿತ್ರ ಎರಡೂ ಕಡೆ ಮನೆಯ ಮಗುವೇ, ಎರಡೂ ಕಡೆ ಸವಲತ್ತು.

ಒಂದು ಮಾತ್ರ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆ 1830 ಅಂದರೆ ಫ್ರೆಂಚರು ಅಲ್ಜೀರಿಯಾಕ್ಕೆ ದಂಡೆತ್ತಿ ಹೋದ ವರ್ಷ. ಸಿನಿಮಾದಲ್ಲಿ ಅದು ಹಾಡು, ನಗು. ತೆರೆಗೆ ಬಂದ ಎರಡೇ ವರ್ಷಕ್ಕೆ, 1954ರಲ್ಲಿ, ಅದೇ ಅಲ್ಜೀರಿಯಾ ಬಂದೂಕು ಹಿಡಿದು ಎದ್ದಿತು. ಆ ಭಾಗ ಈಗ ನೋಡುವಾಗ ನಗು ಅರ್ಧಕ್ಕೇ ನಿಲ್ಲುತ್ತದೆ.

ಉಳಿದದ್ದಕ್ಕೆಲ್ಲ ನಗಬಹುದು. ಕ್ಲೋದ್ ಆಗಿ ಓಡುವ, ಎಡವುವ, ಹೊದಿಕೆ ಎಳೆದುಕೊಂಡು ಮತ್ತೆ ನಿದ್ದೆಗೆ ಹಾತೊರೆಯುವ ಜೆರಾರ್ ಫಿಲಿಪ್ ಅವರನ್ನು ನೋಡಿ. ಮೈಯೆಲ್ಲ ಹುಡುಗಾಟ. ಅವರು 1959ರ ನವೆಂಬರಿನಲ್ಲಿ ತೀರಿಕೊಂಡಾಗ ಮೂವತ್ತಾರು ವರ್ಷ. 'ನಮ್ಮ ಕಾಲದಲ್ಲಿ' ಎಂದು ಗೊಣಗುವ ವಯಸ್ಸು ಅವರಿಗೆ ಬರಲೇ ಇಲ್ಲ.

ನಮಸ್ಕಾರ.