ಹತ್ತು ಜನ ಕೂಡಿ ಹಾಕುವ ತಾಳ: ಪಾರ್ಕಿನ್ಸನ್ ಕಾಯಿಲೆ ಮತ್ತು ಸಂಗೀತ ಪಾಠ

ಸಭಿಕರೆಲ್ಲರಿಗೂ ನಮಸ್ಕಾರ. ನಾನು ವೈದ್ಯೆಯಲ್ಲ, ಮಕ್ಕಳಿಗೆ ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ ವರಸೆ, ಜಂಟಿ ವರಸೆ ಹೇಳಿಕೊಡುತ್ತ ಬಂದ ಸಂಗೀತದ ಟೀಚರು. ಕೆಲವು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆಯಿರುವ ಹಿರಿಯರಿಗೂ ವಾರಕ್ಕೊಮ್ಮೆ ಅದೇ ಸರಳೆ ವರಸೆಯನ್ನು ಗುಂಪಿನಲ್ಲಿ ಕಲಿಸುತ್ತಿದ್ದೇನೆ. ಹಾಗಾಗಿ ಇಂದಿನ ಮಾತಿನಲ್ಲಿ ಓದಿ ತಿಳಿದದ್ದೂ ಇದೆ, ಪಾಠದ ಕೋಣೆಯಲ್ಲಿ ಕಣ್ಣಾರೆ ಕಂಡದ್ದೂ ಇದೆ. ಒಂದರೊಳಗೆ ಇನ್ನೊಂದು ಕಲಸಿಹೋಗದಂತೆ ಹೇಳಲು ಪ್ರಯತ್ನಿಸುತ್ತೇನೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದಾಗ ಅವರ ಮುಂದೆ ಇದ್ದದ್ದು ಆರೇ ಜನರ ಉದಾಹರಣೆ, ಅವರಲ್ಲೂ ಕೆಲವರನ್ನು ಅವರು ಬೀದಿಯಲ್ಲಿ ನಡೆಯುವಾಗ ಕಂಡದ್ದಷ್ಟೇ. ಮುಂದಕ್ಕೆ ಬಾಗಿದ ಮೈ, ನಡಿಗೆ ತಾನಾಗಿಯೇ ಸಣ್ಣ ಓಟವಾಗಿಬಿಡುವುದು, ಇವನ್ನೆಲ್ಲ ಅವರು ಆಗಲೇ ಗುರುತಿಸಿದ್ದರು. ಇಂದು ನಮಗೆ ಕಾರಣವೂ ಗೊತ್ತು: ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಒದಗಿಸುವ ಜೀವಕೋಶಗಳು ಸಾಯುತ್ತ ಹೋಗುತ್ತವೆ. ಜನ ಇದನ್ನು ನಡುಕದ ಕಾಯಿಲೆ ಎನ್ನುತ್ತಾರೆ, ಆದರೆ ನನಗೆ ಇದು ಎಲ್ಲವನ್ನೂ ಕಿರಿದು ಮಾಡುವ ಕಾಯಿಲೆಯಾಗಿ ಕಾಣುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ, ಸಹಿ ಚಿಕ್ಕದಾಗುತ್ತದೆ, ದನಿ ಚಿಕ್ಕದಾಗುತ್ತದೆ, ಮುಖದ ನಗುವೂ ಚಿಕ್ಕದಾಗುತ್ತದೆ.

ನಡೆಯುವುದು, ಗುಂಡಿ ಹಾಕಿಕೊಳ್ಳುವುದು ಮುಂತಾದ ರೂಢಿಯ ಕೆಲಸಗಳನ್ನು ನಾವು ಯೋಚಿಸಿ ಮಾಡುವುದಿಲ್ಲ. ಯಾವುದು ಯಾವಾಗ, ಎಷ್ಟು ಎಂಬ ಲೆಕ್ಕವನ್ನು ಮಿದುಳು ತಾನೇ ಒಳಗೆ ಹಾಕಿಕೊಳ್ಳುತ್ತದೆ. ಡೋಪಮೈನ್ ಕಡಿಮೆಯಾದಾಗ ಹದಗೆಡುವುದು ಈ ಒಳಲೆಕ್ಕವೇ. ಹೊರಗಿನಿಂದ ಒಂದು ಎಣಿಕೆ ಕಿವಿಗೆ ಬಿದ್ದಾಗ, ಕೆಟ್ಟ ದಾರಿಯನ್ನು ಬಿಟ್ಟು ಕಿರುಮಿದುಳು ಮೊದಲಾದ ಬೇರೆ ಭಾಗಗಳ ಮೂಲಕ ಚಲನೆ ಸಾಗುತ್ತದೆ ಎಂಬುದು ಸಂಶೋಧಕರ ವಿವರಣೆ. ಅಮೆರಿಕದ ಮೈಕೆಲ್ ತೌಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪಷ್ಟವಾದ ತಾಳವಿದ್ದ ಸಂಗೀತಕ್ಕೆ ಮೂರು ವಾರ ನಡೆದು ಅಭ್ಯಾಸ ಮಾಡಿದವರ ನಡಿಗೆಯ ವೇಗ ಶೇ. 25ರಷ್ಟು, ಹೆಜ್ಜೆಯ ಉದ್ದ ಶೇ. 12ರಷ್ಟು ಹೆಚ್ಚಿತು. ಇಟಲಿಯ ಪಾವಿಯಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಲ್ಲಿ 32 ರೋಗಿಗಳನ್ನು ಎರಡು ಪಾಲು ಮಾಡಿ, ಮೂರು ತಿಂಗಳು ಒಂದು ಪಾಲಿನವರಿಗೆ ಫಿಸಿಯೋಥೆರಪಿ, ಇನ್ನೊಂದು ಪಾಲಿನವರಿಗೆ ಕೂಡಿ ಹಾಡುವ, ಲಯಕ್ಕೆ ಮೈಯಾಡಿಸುವ, ಒಟ್ಟಿಗೆ ನುಡಿಸುವ ತರಗತಿಯನ್ನು ಕೊಟ್ಟರು. ಸಂಗೀತದ ಪಾಲಿನವರಲ್ಲಿ ಚಲನೆಯ ನಿಧಾನ ತಗ್ಗಿತು, ಮನಸ್ಸು ಗೆಲುವಾಯಿತು. ಸ್ನಾಯುಗಳ ಬಿಗಿತವನ್ನು ಸಡಿಲಿಸಿದ್ದು ಮಾತ್ರ ಫಿಸಿಯೋಥೆರಪಿಯೇ. ಈ ಎರಡನೆಯ ಮಾತನ್ನು ಸಂಗೀತದವರಾದ ನಾವು ಸಾಮಾನ್ಯವಾಗಿ ನುಂಗಿಕೊಳ್ಳುತ್ತೇವೆ, ಆದ್ದರಿಂದ ಬೇಕೆಂದೇ ಹೇಳುತ್ತಿದ್ದೇನೆ.

ಎಣಿಕೆಯಷ್ಟೇ ಸಾಕಿದ್ದರೆ ಟಕ್ ಟಕ್ ಎಂದು ಎಣಿಕೆ ಕೊಡುವ ಮೊಬೈಲಿನ ಮೆಟ್ರೊನೋಮ್ ಸಾಕಲ್ಲವೇ, ಗುಂಪೇಕೆ, ಪಾಠವೇಕೆ ಎಂದು ನೀವು ಕೇಳಬಹುದು. ನನ್ನ ಉತ್ತರ ಇಷ್ಟು: ಕೇಳುವ ಸಂಗೀತ ಬೇರೆ, ಒಪ್ಪಿಸಬೇಕಾದ ಸಂಗೀತ ಬೇರೆ. ಮನೆಯಲ್ಲಿ ಮಾಡಿ ಎಂದು ಬರೆದುಕೊಟ್ಟ ವ್ಯಾಯಾಮದ ಹಾಳೆ ಎರಡನೆಯ ವಾರಕ್ಕೆ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿರುತ್ತದೆ, ಏಕೆಂದರೆ ಉತ್ಸಾಹ ಬತ್ತುವುದೂ ಈ ಕಾಯಿಲೆಯ ಒಂದು ಲಕ್ಷಣ. ಆದರೆ ಬುಧವಾರ ಹತ್ತು ಜನರ ಎದುರು ಮೂರನೆಯ ವರಸೆ ಒಪ್ಪಿಸಬೇಕು ಎಂದಾಗ ಎಪ್ಪತ್ತು ದಾಟಿದವರೂ ಮಂಗಳವಾರ ರಾತ್ರಿ ಸ್ವರದ ಪುಸ್ತಕ ತೆಗೆಯುತ್ತಾರೆ. ಗುಂಪಿನ ತಾಳಕ್ಕೆ ಇನ್ನೊಂದು ಗುಣವಿದೆ: ತಪ್ಪಿದವರಿಗಾಗಿ ಅದು ನಿಲ್ಲುವುದಿಲ್ಲ, ಅವರನ್ನು ಗದರುವುದೂ ಇಲ್ಲ, ಮುಂದಿನ ಆವರ್ತದ ಮೊದಲ ಪೆಟ್ಟಿನಲ್ಲಿ ಬಂದು ಸೇರಿಕೊಳ್ಳಲು ಎಡೆ ಇದ್ದೇ ಇರುತ್ತದೆ.

ಆದಿತಾಳದ ಮೊದಲ ನಾಲ್ಕು ಎಣಿಕೆಗಳನ್ನು ನೆನಪಿಸಿಕೊಳ್ಳಿ: ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ನರರೋಗ ತಜ್ಞರು ರೋಗಿಯ ಹೆಬ್ಬೆರಳಿಗೆ ತೋರುಬೆರಳನ್ನು ಬಡಿಯಲು ಹೇಳಿ, ಆ ಬಡಿತ ಎಷ್ಟು ಬೇಗ ಕಿರಿದಾಗುತ್ತದೆಂದು ನೋಡುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ನಮ್ಮ ತರಗತಿಯಲ್ಲಿ ಬೆರಳಿಗೆ ಹೆಚ್ಚುಕಡಿಮೆ ಅದೇ ಕೆಲಸ, ಆದರೆ ಅಲ್ಲಿ ಅದು ಪರೀಕ್ಷೆ, ಇಲ್ಲಿ ತಾಳ. ತಾಳ ಹಾಕುವಾಗ ಅಪ್ಪನ ಕೈ ನಡುಗುವುದೇ ಇಲ್ಲ, ಇದೇನು ಪವಾಡ ಎಂದು ಮಗಳೊಬ್ಬಳು ಕೇಳಿದಳು. ಪವಾಡವಲ್ಲ. ಈ ಕಾಯಿಲೆಯ ನಡುಕ ಮುಖ್ಯವಾಗಿ ಕೈ ಸುಮ್ಮನಿದ್ದಾಗ ಬರುವಂಥದು. ಕೈಗೆ ಕೆಲಸ ಕೊಟ್ಟರೆ ತಗ್ಗುತ್ತದೆ, ತರಕಾರಿ ಬಿಡಿಸುವಾಗಲೂ ತಗ್ಗಬಹುದು.

ದನಿಯ ವಿಷಯ ಹೆಚ್ಚು ಸೂಕ್ಷ್ಮವಾದದ್ದು. ಅನೇಕರಿಗೆ ತಮ್ಮ ದನಿ ಕುಗ್ಗಿರುವುದೇ ತಿಳಿಯುವುದಿಲ್ಲ. "ಸ್ವಲ್ಪ ಗಟ್ಟಿಯಾಗಿ ಹೇಳ್ರೀ" ಎಂದು ಹೆಂಡತಿ ಅಂದರೆ, "ಇನ್ನೇನು ಕೂಗಾಡಲಾ?" ಎಂದು ಗಂಡನಿಗೆ ಸಿಟ್ಟು, ಇಬ್ಬರದೂ ತಪ್ಪಲ್ಲ. ಶ್ರುತಿಪೆಟ್ಟಿಗೆಯೊಡನೆ ಷಡ್ಜವನ್ನು, ಅಂದರೆ ಸ ಸ್ವರವನ್ನು, ಒಂದೇ ಉಸಿರಿನಲ್ಲಿ ಎಂಟು ಎಣಿಕೆ ಹಿಡಿಯಲು ಹೇಳಿದಾಗ, ಪಕ್ಕದವರ ದನಿ ಎಷ್ಟಿದೆ, ತಮ್ಮದು ಎಷ್ಟಿದೆ ಎಂದು ಅವರೇ ಅಳೆದುಕೊಳ್ಳುತ್ತಾರೆ. ಉಸಿರಿನ ಮತ್ತು ಗಂಟಲಿನ ಸ್ನಾಯುಗಳಿಗೂ ಇದು ವ್ಯಾಯಾಮ.

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಅಡುಗೆಮನೆಯ ಹೊಸ್ತಿಲಿನ ಬಳಿ ಕಾಲು ನೆಲಕ್ಕೆ ಅಂಟಿದವರಂತೆ ನಿಂತುಬಿಡುತ್ತಿದ್ದರು. ಇಕ್ಕಟ್ಟಿನ ಬಾಗಿಲು ಕಂಡೊಡನೆ ಹೀಗಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಮನೆಯವರು ಕೈಹಿಡಿದು ಎಳೆಯುತ್ತಿದ್ದರು. ಎಳೆದರೆ ಮುಗ್ಗರಿಸುವ ಅಪಾಯವೇ ಹೆಚ್ಚು. ಈಗ ಅವರ ಹೆಂಡತಿ ಒಲೆಯ ಮುಂದಿನಿಂದಲೇ "ತಕಧಿಮಿ ಹೇಳ್ಕೊಳ್ರೀ" ಎನ್ನುತ್ತಾರೆ. ಅವರು ನಿಂತಲ್ಲೇ ಒಂದು ಸುತ್ತು ಹೇಳಿಕೊಂಡು, ಎರಡನೆಯ ಸುತ್ತಿನ "ತ"ಕ್ಕೆ ಕಾಲೆತ್ತಿ ಹೊಸ್ತಿಲು ದಾಟುತ್ತಾರೆ. ಪ್ರತಿ ಸಲ ಅಲ್ಲ, ಹೆಚ್ಚಿನ ಸಲ.

ನನ್ನ ತಪ್ಪನ್ನೂ ಹೇಳಬೇಕು. ಮಕ್ಕಳಿಗೆ ಮೂರು ಕಾಲಗಳಲ್ಲಿ, ಅಂದರೆ ಒಂದಕ್ಕಿಂತ ಒಂದು ಇಮ್ಮಡಿ ವೇಗದಲ್ಲಿ, ಹಾಡಿಸಿದ ರೂಢಿಯಲ್ಲಿ, ಮೊದಲ ವರ್ಷ ಇವರನ್ನೂ ನಿಲ್ಲಿಸಿ, ಹೆಜ್ಜೆ ಹಾಕಿಸುತ್ತ, ಎರಡನೆಯ ಕಾಲಕ್ಕೆ ದಾಟಿಸಿದೆ. ಲಯದೊಂದಿಗೆ ಹೆಜ್ಜೆಯೂ ಓಟವಾಗಿ ಒಬ್ಬರು ಮುಂದಕ್ಕೆ ಬಿದ್ದೇಬಿಡುತ್ತಿದ್ದರು. ಪಕ್ಕದವರು ಅಂಗಿ ಹಿಡಿದದ್ದರಿಂದ ಉಳಿದರು. ಅಂದಿನಿಂದ ಎರಡನೆಯ ಕಾಲವೇನಿದ್ದರೂ ಕೂತು, ಬೆರಳಿನಲ್ಲಿ ಮಾತ್ರ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿಸುವುದನ್ನೂ ಬಿಟ್ಟೆ, ಕೈಯಿರುವ ಕುರ್ಚಿಗಳನ್ನೇ ಹಾಕಿಸುತ್ತೇನೆ. ತರಗತಿಯ ಹೊತ್ತನ್ನು ಗೊತ್ತುಮಾಡುವುದು ನನ್ನ ಅನುಕೂಲವಲ್ಲ, ಅವರ ಮಾತ್ರೆ: ಲೆವೊಡೋಪಾ ನುಂಗಿ ಅದರ ಫಲ ಚೆನ್ನಾಗಿರುವ ಗಂಟೆಯಲ್ಲೇ ಪಾಠ.

ಆ ಮಾತ್ರೆಯ ಜಾಗಕ್ಕೆ ಸಂಗೀತ ಬರಲಾರದು. ಸಾಯುತ್ತಿರುವ ಜೀವಕೋಶಗಳನ್ನು ಅದು ಉಳಿಸುತ್ತದೆ ಎನ್ನಲು ಆಧಾರವಿಲ್ಲ. ನಾನು ಉಲ್ಲೇಖಿಸಿದ ಅಧ್ಯಯನಗಳೂ ಚಿಕ್ಕ ಗುಂಪುಗಳ ಮೇಲೆ ನಡೆದವು. ಇಂತಿಂಥ ಕಾಯಿಲೆಗೆ ಇಂತಿಂಥ ರಾಗ ಎಂದು ಪಟ್ಟಿ ಹಿಡಿದು ಬರುವವರು ನಿಮಗೆ ಸಿಗುತ್ತಾರೆ; ದಯವಿಟ್ಟು ಅವರ ಮಾತು ಕೇಳಿ ಮಾತ್ರೆ ನಿಲ್ಲಿಸಬೇಡಿ. ನಾವು ಮಾಯಾಮಾಳವಗೌಳವನ್ನು ಹಾಡುವುದು ಅದರಲ್ಲಿ ಔಷಧವಿದೆ ಎಂದಲ್ಲ, ಪಾಠ ಶುರುವಾಗುವುದೇ ಅದರಿಂದ ಎಂದು.

ಪ್ರಶ್ನೆಗಳಿಗೆ ಮೊದಲು ಐದು ನಿಮಿಷ ಬೇಕು. ಎಲ್ಲರೂ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದು, ಎರಡೂ ಪಾದ ನೆಲಕ್ಕೆ ಊರಿ ಕುಳಿತುಕೊಳ್ಳಿ. ಜೊತೆಗೆ ಬಂದವರೂ ಫೋನು ಕೆಳಗಿಡಿ, ನೀವೂ ತಾಳ ಹಾಕಬೇಕು. ಬಲಗೈ ತೊಡೆಯ ಮೇಲೆ. ಕೈಯನ್ನು ಬೇಕಾದದ್ದಕ್ಕಿಂತ ಎತ್ತರಕ್ಕೆ ಎತ್ತಿ. ಮೊದಲನೆಯ ಕಾಲ, ಸ ರಿ ಗ ಮ.